ಕಿಟಕಿಯಿಂದ ಹೊರಗೆ ಬಂದ ನನ್ನ ದನಿ

ಬಸ್ ಡಿಪೋದ ವ್ಯವಸ್ಥಾಪಕರಿಗೆ,

ಮಾನ್ಯರೇ,

ನೀವು ಫೋನನ್ನು ಕಿವಿಗಿಟ್ಟುಕೊಂಡು ಮಾತಾಡುವುದಿಲ್ಲ. ಮೇಜಿನ ಮೇಲೆ ಮಲಗಿಸಿ, ಸ್ಪೀಕರ್ ಹಾಕಿ, ಕುರ್ಚಿಗೆ ಒರಗಿಕೊಂಡು ಮಾತಾಡುತ್ತೀರಿ. ಆ ಕಡೆಯವರಿಗೆ ‘ಸ್ಪೀಕರ್ ಹಾಕಿದ್ದೇನೆ, ಇಲ್ಲಿ ಇಂತಿಂಥವರು ಕೂತಿದ್ದಾರೆ’ ಎಂದು ಒಂದು ಮಾತು ಹೇಳುವುದಿಲ್ಲ. ನನ್ನ ದೂರು ಇಷ್ಟೇ. ಇಷ್ಟಕ್ಕೇ ಒಬ್ಬ ಹೆಂಗಸು ಪತ್ರಿಕೆಗೆ ಕಾಗದ ಬರೆದು ಬೀದಿಗೆ ಬರಬೇಕೇ ಎಂದು ನೀವು ಕೇಳಬಹುದು. ಬರಬಾರದಿತ್ತು ನಿಜ. ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ, ಯಾರಾದರೂ ಹಿಂದೆ ನಿಂತು ಓದುತ್ತಿದ್ದಾರೇನೋ ಎಂದು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದೇನೆ. ಆದರೆ ಊರಿಗೆಲ್ಲ ಕೇಳಿಸುವ ಕೆಲಸವನ್ನು ನೀವು ಆಗಲೇ ಮುಗಿಸಿಬಿಟ್ಟಿದ್ದೀರಿ. ಮುಳುಗಿದವಳಿಗೆ ಚಳಿಯೇನು, ಮಳೆಯೇನು?

ನಾನು ನಿಮ್ಮ ಡಿಪೋದ ಕಂಡಕ್ಟರ್. ಈ ಕೆಲಸದಲ್ಲೇ ತಲೆಗೂದಲು ಹಣ್ಣಾಯಿತು. ಗಂಟಲೊಂದೇ ನನ್ನ ಆಸ್ತಿ. ‘ಮುಂದೆ ನಡೀರಿ, ಒಳಗೆ ಜಾಗ ಇದೆ’ ಎಂದು ನಾನು ಕೂಗಿದರೆ ಹಿಂದಿನ ಬಸ್ಸಿನವರೂ ಮುಂದೆ ನಡೆಯುತ್ತಾರಂತೆ, ಡಿಪೋದಲ್ಲಿ ಹಾಗೆಂದು ತಮಾಷೆ. ನಾನೂ ನಗುತ್ತಿದ್ದೆ. ನಗಿಸಿಕೊಳ್ಳುವುದು ನನಗೆ ಹೊಸದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇವಳಿಗೆ ತಮಾಷೆ ತಾಳಿಕೊಳ್ಳುವ ಗುಣವಿಲ್ಲ ಎಂದು ಯಾರೂ ಅನ್ನಬಾರದು ನೋಡಿ.

ಹೋದ ಬೇಸಿಗೆಯಲ್ಲಿ ನಿಮ್ಮ ಸಹಿಯುಳ್ಳ ಆದೇಶವೊಂದು ಎಲ್ಲ ಬಸ್ಸುಗಳಿಗೂ ಬಂತು. ‘ಪ್ರಯಾಣದ ವೇಳೆ ಸಾರ್ವಜನಿಕರು ಮೊಬೈಲ್ ದೂರವಾಣಿಯನ್ನು ಸ್ಪೀಕರ್‌ನಲ್ಲಿರಿಸಿ ಸಂಭಾಷಿಸುವುದು ಅಸಭ್ಯ ವರ್ತನೆಯಾಗಿದ್ದು, ನಿರ್ವಾಹಕರು ಅಂಥವರನ್ನು ವಿನಯಪೂರ್ವಕವಾಗಿ ತಡೆಯತಕ್ಕದ್ದು.’ ಎಂಥ ಚೆಂದದ ಭಾಷೆ! ‘ಅಸಭ್ಯ’ ಎಂಬ ಶಬ್ದದ ಕೆಳಗೆ ಗೆರೆ ಬೇರೆ ಎಳೆಸಿದ್ದಿರಿ. ಡ್ರೈವರ್ ಸೀಟಿನ ಹಿಂದೆ ಅದನ್ನು ನಾನೇ ಅಂಟಿಸಿದೆ, ಮೂಲೆ ಏಳದ ಹಾಗೆ ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದೆ. ಸಾಹೇಬರು ಒಳ್ಳೆಯ ಕೆಲಸ ಮಾಡಿದರು ಎಂದು ಮನೆಯಲ್ಲೂ ಹೊಗಳಿದೆ. ಸುಳ್ಳಲ್ಲ ಸ್ವಾಮಿ. ಒಂದು ಟ್ರಿಪ್ಪಿನಲ್ಲಿ ಎಷ್ಟು ಸಂಸಾರಗಳ ಜಗಳ, ಎಷ್ಟು ಸಾಲ, ಎಷ್ಟು ಹೊಟ್ಟೆನೋವು ಕಂಡಕ್ಟರ್ ಕಿವಿಗೆ ಬೀಳುತ್ತದೆ ಎನ್ನುವುದು ಟಿಕೆಟ್ ಕೊಟ್ಟವರಿಗೇ ಗೊತ್ತು.

ವಿನಯಪೂರ್ವಕ ಎಂದರೆ ಹೇಗೆ ಎನ್ನುವುದು ಮಾತ್ರ ನನಗೆ ಅಷ್ಟಾಗಿ ತಿಳಿಯಲಿಲ್ಲ. ನನ್ನದೇ ಒಂದು ದಾರಿ ಮಾಡಿಕೊಂಡೆ. ಒಂದು ದಿನ ಬಟ್ಟೆ ವ್ಯಾಪಾರಿಯೊಬ್ಬರು ಕಿಟಕಿ ಪಕ್ಕ ಕೂತು ಭಾವಮೈದುನನ ಜೊತೆ ಸ್ಪೀಕರಿನಲ್ಲೇ ಜಗಳಕ್ಕೆ ಇಳಿದಿದ್ದರು. ನಾನು ಹೋಗಿ ಅವರ ಸೀಟಿಗೆ ಆತು ನಿಂತು, ಎರಡೂ ಕಡೆಯ ವಾದವನ್ನು ಪೂರ್ತಿ ಕೇಳಿ, ‘ಅಲ್ಲ ಯಜಮಾನ್ರೇ, ನಿಮ್ಮ ಭಾವಮೈದ ಹೇಳೋದೂ ಸರಿಯಾಗೇ ಇದೆಯಲ್ಲ?’ ಎಂದೆ. ಬಸ್ಸೆಲ್ಲ ಗೊಳ್ಳೆಂದಿತು. ಅವರು ಫೋನ್ ಜೇಬಿಗೆ ಹಾಕಿಕೊಂಡವರು ಇಳಿಯುವವರೆಗೆ ತಲೆ ಎತ್ತಲಿಲ್ಲ. ಅಂದಿನಿಂದ ಇದೇ ನನ್ನ ವಿನಯ. ರೂಟಿನವರು ನನಗೆ ‘ತೀರ್ಪಮ್ಮ’ ಎಂದು ಅಡ್ಡಹೆಸರಿಟ್ಟರು, ನಾನು ಅದನ್ನು ಪದಕದಂತೆ ಹಾಕಿಕೊಂಡು ತಿರುಗಿದೆ. ಈಗ ನನಗೆ ಬೇರೆ ಅಡ್ಡಹೆಸರಿದೆ. ಅದನ್ನು ಇಲ್ಲಿ ಬರೆಯಲಾರೆ.

ಇನ್ನು ನನ್ನ ತೊಂದರೆ. ನಿಮ್ಮ ಕೋಣೆಯವರಿಗೆ ಗೊತ್ತೇ ಇದೆ, ಓದುಗರಿಗೆ ಹೇಳಬೇಕಲ್ಲ. ಎರಡನೆಯ ಹೆರಿಗೆ ಆದಾಗಿನಿಂದ ನನಗೆ ಮೂತ್ರ ತಡೆದುಕೊಳ್ಳುವ ಶಕ್ತಿ ಕಡಿಮೆ. ವಯಸ್ಸು ಏರಿದ ಹಾಗೆ ಅದೂ ಹೆಚ್ಚಾಯಿತು. ಜೋರಾಗಿ ಕೆಮ್ಮಿದರೆ, ಸೀನಿದರೆ, ಬಸ್ಸು ರಸ್ತೆಯ ಹಂಪಿನ ಮೇಲೆ ಎಗರಿದರೆ ಬಟ್ಟೆ ಒದ್ದೆಯಾಗುತ್ತದೆ. ಇಗೋ, ಬರೆದೆ. ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತಿದ್ದೇನೆ.

ನನ್ನದು ಊರ ಹೊರಗಿನ ಉದ್ದ ರೂಟು. ಕೊನೆಯ ಸ್ಟಾಪಿನಲ್ಲಿ ಒಂದು ತಗಡಿನ ಸೂರು, ಒಂದು ಕಲ್ಲುಬೆಂಚು, ಒಂದು ಮೋಟುಗೋಡೆ. ಗಂಡಸರಿಗೆ ಆ ಗೋಡೆ ಸಾಕು. ನಮಗೊಂದು ಬಾಗಿಲಿರುವ ಕೋಣೆ ಕಟ್ಟಿಸಿಕೊಡಿ ಎಂದು ಕೇಳಿ ಕೇಳಿ ನಾವು ಬಾಯಿ ಮುಚ್ಚಿಕೊಂಡಿದ್ದೆವು, ಅದರ ಜೊತೆಗೆ ನೀರು ಕುಡಿಯುವುದನ್ನೂ ಬಿಟ್ಟಿದ್ದೆವು. ಬೆಳಿಗ್ಗೆ ಎದ್ದಾಗಿನಿಂದ ಡ್ಯೂಟಿ ಇಳಿಯುವವರೆಗೆ ನಾನು ಗಂಟಲು ಒದ್ದೆ ಮಾಡಿಕೊಂಡವಳಲ್ಲ. ಚೀಲದಲ್ಲಿ ಟಿಕೆಟ್ ಮಷಿನ್ನಿನ ಕೆಳಗೆ ಯಾವಾಗಲೂ ಒಂದು ಜೊತೆ ಬಟ್ಟೆ. ಕೊನೆಗೆ ಜ್ವರ ಬಂತು, ಉರಿ ಬಂತು, ಡಾಕ್ಟರಮ್ಮ ಬೈದರು: ‘ನೀರು ಕುಡೀದೆ ಕೂತ್ರೆ ಕಿಡ್ನಿನೇ ಹೋಗುತ್ತೆ. ಕೆಲಸ ಬದಲಾಯಿಸ್ಕೊಳ್ಳಿ, ಇಲ್ಲ ರೂಟ್ ಬದಲಾಯಿಸ್ಕೊಳ್ಳಿ.’ ಊರೊಳಗಿನ ಚಿಕ್ಕ ರೂಟಾದರೆ ಪ್ರತಿ ಸುತ್ತಿಗೂ ಡಿಪೋದ ಮುಂದೆಯೇ ಹಾದುಹೋಗುತ್ತದೆ, ಇಳಿದು ಹೋಗಿ ಬರಬಹುದು. ನನಗೆ ಬೇಕಾಗಿದ್ದದ್ದು ಅಷ್ಟೇ.

ನಿಮ್ಮ ಕೋಣೆಗೆ ಬಂದು ಕೇಳಬಹುದಿತ್ತು. ಎರಡು ಸಲ ಬಾಗಿಲವರೆಗೂ ಬಂದೆ. ಒಳಗೆ ಯಾವಾಗಲೂ ಸಂತೆ. ಬರೆದು ಕೊಡೋಣವೆಂದರೆ, ರಜೆ ಚೀಟಿಗಳನ್ನು ನೀವು ಕೂತವರಿಗೆಲ್ಲ ಜೋರಾಗಿ ಓದಿ ಹೇಳುವ ಅಭ್ಯಾಸ ನನಗೆ ಗೊತ್ತು. ಹಾಗಾಗಿ ಫೋನ್ ಮಾಡಿದೆ. ಮುಖ ನೋಡಿ ಹೇಳಲಾಗದ ಮಾತನ್ನು ಹೇಳುವುದಕ್ಕೇ ಅಲ್ಲವೇ ಸ್ವಾಮಿ ಫೋನು ಇರುವುದು? ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಎಂದು ನಂಬಿಕೊಂಡೇ ತಾನೇ ನಾವೆಲ್ಲ ಅದರೊಳಗೆ ಮಾತಾಡುವುದು?

ಟ್ರಿಪ್ ಮುಗಿಸಿ ಬಂದು, ಬಸ್ ತೊಳೆಯುವ ಶೆಡ್ಡಿನ ಹಿಂದೆ ಯಾರೂ ಇಲ್ಲದ ಜಾಗ ಹುಡುಕಿ ನಿಂತೆ. ನಿಮ್ಮ ಕೋಣೆಯ ಕಿಟಕಿ ಆ ಕಡೆಗೇ ತೆರೆದಿದೆ ಎಂಬುದು ಗೊತ್ತಿರಲಿಲ್ಲ ಎಂದಲ್ಲ, ಆಗ ನೆನಪಿಗೆ ಬರಲಿಲ್ಲ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರುಹೊಡೆದು, ಆಮೇಲೆ ಫೋನ್ ಮಾಡಿದೆ.

‘ಏನಮ್ಮ?’ ಎಂದಿರಿ.

‘ಸಾರ್, ಚಿಕ್ಕ ರೂಟ್ ಬೇಕಿತ್ತು ಸಾರ್.’

‘ಎಲ್ಲರಿಗೂ ಚಿಕ್ಕ ರೂಟೇ ಬೇಕು. ಕಾರಣ?’

‘ಆರೋಗ್ಯ ಸರಿಯಿಲ್ಲ ಸಾರ್. ಹೆಂಗಸರ ತೊಂದ್ರೆ.’

‘ಹೆಂಗಸರ ತೊಂದ್ರೆ ಅಂದ್ರೆ ನಾನೇನು ಅರ್ಥ ಮಾಡ್ಕೊಳ್ಲಿ? ಬಿಡಿಸಿ ಹೇಳಮ್ಮ. ನಾಳೆ ಮೇಲಿನವರು ಕೇಳಿದ್ರೆ ನಾನು ಏನಂತ ಹೇಳ್ಲಿ?’

ಪಿಸುದನಿಯಲ್ಲಿ ಬಿಡಿಸಿ ಹೇಳಿದೆ.

‘ಕೇಳಿಸ್ತಿಲ್ಲ. ಜೋರಾಗಿ ಹೇಳು.’

ನಾನು ಜೋರಾಗಿ ಹೇಳಿದೆ. ಕಂಡಕ್ಟರ್ ಗಂಟಲು, ಎಷ್ಟು ಅದುಮಿದರೂ ಎಷ್ಟಾದೀತು? ಆಗಲೇ ಎಡಗಡೆ ಎಲ್ಲಿಂದಲೋ ಒಬ್ಬ ಹೆಂಗಸಿನ ದನಿ ಕೇಳಿಸಿತು. ‘ತಡ್ಕೊಳ್ಳೋಕಾಗಲ್ಲ ಸಾರ್, ಬಟ್ಟೆಯೆಲ್ಲ ಒದ್ದೆಯಾಗುತ್ತೆ’ ಎನ್ನುತ್ತಿದ್ದಳು. ನನ್ನ ದಡ್ಡತನ ನೋಡಿ, ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಅಯ್ಯೋ ಪಾಪ, ಇನ್ಯಾರಿಗೋ ನನ್ನಂಥದೇ ಕಷ್ಟ ಇದೆಯಲ್ಲ, ಆದರೂ ಹೀಗೆ ಬಯಲಲ್ಲಿ ಹೇಳಿಕೊಳ್ಳಬಾರದಿತ್ತು, ನಾಚಿಕೆ ಇಲ್ಲವೇ ಇವಳಿಗೆ ಎಂದುಕೊಂಡೆ. ನಿಜವಾಗಿ ಹಾಗೆ ಎಂದುಕೊಂಡೆ.

‘ಸೀನಿದ್ರೂ ಆಗುತ್ತಾ?’ ಎಂದು ನೀವು ಕೇಳಿದಿರಿ. ಆ ಪ್ರಶ್ನೆ ನನ್ನ ಎರಡೂ ಕಿವಿಗೆ ಬಂತು. ಬಲಗಿವಿಯಲ್ಲಿ ಫೋನು, ಎಡಗಿವಿಯಲ್ಲಿ ಕಿಟಕಿ. ‘ಹೂಂ ಸಾರ್’ ಎಂದೆ. ‘ಹೂಂ ಸಾರ್’ ಎಂದು ಕಿಟಕಿಯೂ ಹೇಳಿತು, ಅದರ ಹಿಂದೆಯೇ ನಗು. ಒಬ್ಬರದಲ್ಲ. ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ ಹಾಗೆ, ಒಬ್ಬರಂತೂ ಕೆಮ್ಮಿನ ನೆವ ಮಾಡಿ ನಕ್ಕ ಹಾಗೆ. ಆಗ ಗೊತ್ತಾಯಿತು ನನಗೆ, ಆ ನಾಚಿಕೆಗೆಟ್ಟವಳು ನಾನೇ ಎಂದು. ಫೋನ್ ಇಡಬೇಕೆಂದು ಕೂಡ ತೋಚಲಿಲ್ಲ. ಸಾಹೇಬರ ಮಾತಿನ ಮಧ್ಯೆ ಫೋನ್ ಇಟ್ಟರೆ ತಪ್ಪಾಗುತ್ತದೆಂಬ ಭಯ ಬೇರೆ. ನಮ್ಮ ಶಿಷ್ಟಾಚಾರ ನೋಡಿ, ಎಂಥದು!

‘ಆಯ್ತಮ್ಮ, ಮುಂದಿನ ಡ್ಯೂಟಿ ಚಾರ್ಟಿನಲ್ಲಿ ಕೊಡ್ತೀನಿ. ಮೊದಲೇ ಹೇಳಬಾರದಿತ್ತಾ?’ ಎಂದಿರಿ. ದನಿಯಲ್ಲಿ ಕನಿಕರವೂ ಇತ್ತು. ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಾಗದ ಬರೆಯುವುದು ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬೇಕೆಂದೇ ನನ್ನ ಮಾನ ಕಳೆದಿರಿ ಎಂದು ಬೈದು ಮುಗಿಸಬಹುದಿತ್ತು. ನೀವು ಏನನ್ನೂ ಬೇಕೆಂದು ಮಾಡಲಿಲ್ಲ. ಎಂದಿನಂತೆ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಪೆನ್ನು, ಫೋನ್ ಹಿಡಿಯಲು ಕೈ ಉಳಿದಿರಲಿಲ್ಲ. ಅಷ್ಟಕ್ಕೆ ನನ್ನ ಮರ್ಯಾದೆ ಹೋಯಿತು.

ಆಮೇಲೆ ಬಾಗಿಲು ತೆರೆದು ಒಬ್ಬೊಬ್ಬರೇ ಹೊರಬಂದರು. ಟೈಮ್‌ಕೀಪರ್, ಮೆಕ್ಯಾನಿಕ್‌ಗಳು, ಕ್ಯಾಂಟೀನಿನವನು, ನಿಮ್ಮ ಕುರ್ಚಿಯ ಸುತ್ತ ಸದಾ ಇರುವ, ಊರೊಳಗಿನ ರೂಟಿನ ಆ ನಾಲ್ಕಾರು ಕಂಡಕ್ಟರುಗಳು. ಶೆಡ್ಡಿನ ಹಿಂದೆ ಫೋನ್ ಹಿಡಿದು ನಿಂತ ನನ್ನನ್ನು ನೋಡಿ ಎಲ್ಲರೂ ಏಕಕಾಲಕ್ಕೆ ಆಕಾಶ ನೋಡಿದರು. ಕೊನೆಯಲ್ಲಿ ಬಂದವನು ನಮ್ಮ ಬಸ್ಸಿನ ಡ್ರೈವರು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದಕ್ಕೇ ಡಿಪೋದಲ್ಲಿ ಅವನಿಗೆ ‘ಮಾತಿನಮಲ್ಲ’ ಎಂದು ಹೆಸರು. ನನ್ನನ್ನು ಅಕ್ಕ ಎಂದು ಕರೆಯುವವನು. ಅವನು ಆಕಾಶ ನೋಡಲಿಲ್ಲ, ನೆಲ ನೋಡಿಕೊಂಡು ಹೋದ.

ನಕ್ಕವರಿಗಿಂತ ಅವನೇ ನನ್ನನ್ನು ಹೆಚ್ಚು ಕೊಂದದ್ದು ಎಂದರೆ ನೀವು ನಂಬುತ್ತೀರಾ? ಹೊಸ ಚಾರ್ಟ್ ಬರುವ ತನಕ ಹಳೆಯ ರೂಟೇ ಆಗಿತ್ತಲ್ಲ. ಮಾರನೆಯ ದಿನ ಊರು ದಾಟಿದ ಮೇಲೆ, ಸ್ಟಾಪೇ ಅಲ್ಲದ ಕಡೆ, ಒಂದು ಪೆಟ್ರೋಲ್ ಬಂಕಿನ ಎದುರು ಅವನು ಬಸ್ ನಿಲ್ಲಿಸಿದ. ಹಿಂದಕ್ಕೆ ತಿರುಗದೆ ಕನ್ನಡಿಯಲ್ಲಿ ನೋಡಿ, ‘ಅಕ್ಕ, ಹೋಗ್ಬನ್ನಿ’ ಎಂದ. ಬಸ್ ತುಂಬ ಜನ.

‘ಯಾಕೆ ನಿಂತೋಯ್ತು? ಏನಾಯ್ತು?’ ಎಂದು ಹಿಂದಿನಿಂದ ಯಾರೋ ಕೇಳಿದರು. ‘ಡೀಸೆಲ್ಲಾ?’ ಎಂದು ಇನ್ನೊಬ್ಬರು. ‘ನಡಿಯಪ್ಪ, ಏನೂ ಬೇಡ’ ಎಂದೆ. ಅವನು ಕದಲಲಿಲ್ಲ. ಒಳ್ಳೆಯವರ ಹಟ ಕೆಟ್ಟವರ ಹಟಕ್ಕಿಂತ ದೊಡ್ಡದು. ಕೊನೆಗೆ ಇಳಿದೆ, ಹೋಗಿ ಬಂದೆ. ಹತ್ತುವಾಗ ಅಷ್ಟೂ ಕಣ್ಣುಗಳು ನನ್ನ ಸೀರೆಯ ಮೇಲಿದ್ದವು. ಆ ಮಹಾರಾಯ ದಿನವೂ ಅಲ್ಲಿ ನಿಲ್ಲಿಸಿದ. ವಾರದೊಳಗೆ ರೂಟಿನವರಿಗೆಲ್ಲ ವಿಷಯ ಗೊತ್ತಾಯಿತು, ‘ತೀರ್ಪಮ್ಮನ ಸ್ಟಾಪ್ ಬಂತು’ ಎಂದು ಹುಡುಗರು ಹೇಳತೊಡಗಿದರು. ಅವನಿಗೆ ಕೈಮುಗಿಯಬೇಕೋ, ಕೆನ್ನೆಗೆ ಹೊಡೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ದಿನ ಒಬ್ಬ ತರುಣ ಜೋರಾಗಿ ಫೋನ್ ಹಾಕಿಕೊಂಡು ಕೂತಿದ್ದ. ನಿಮ್ಮ ಆದೇಶ, ನನ್ನ ಕರ್ತವ್ಯ. ತೀರ್ಪು ಕೊಡುವ ಹುಮ್ಮಸ್ಸು ಉಳಿದಿರಲಿಲ್ಲ, ಮೆಲ್ಲಗೆ ಹೇಳಿದೆ: ‘ಸ್ಪೀಕರ್ ಆಫ್ ಮಾಡಪ್ಪ, ಬೇರೆಯವರಿಗೆ ತೊಂದ್ರೆ.’ ಅವನು ನಗುನಗುತ್ತಲೇ, ‘ನಂದು ಈ ಬಸ್ಸಿಗಷ್ಟೇ ಕೇಳಿಸ್ತು ಅಕ್ಕ. ನಿಮ್ದು ಇಡೀ ಡಿಪೋಗೇ ಕೇಳಿಸ್ತಂತೆ’ ಎಂದ. ಮತ್ತೆ ಬಸ್ಸೆಲ್ಲ ಗೊಳ್ಳೆಂದಿತು. ಅದೇ ಬಸ್ಸು, ಅದೇ ನಗು. ಆ ಬಟ್ಟೆ ವ್ಯಾಪಾರಿಯ ಬಗ್ಗಿದ ತಲೆ ನೆನಪಾಗಿ ನನ್ನ ಮೈ ಹಿಡಿಯಷ್ಟಾಯಿತು. ಅಂದು ಅವರ ಬಾಯಿ ಮುಚ್ಚಿಸಿದ್ದು ಆದೇಶವಲ್ಲ, ಆ ನಗು. ನಾನೂ ನಿಮ್ಮ ಕೋಣೆಯಲ್ಲಿ ಕೂತವರ ಪೈಕಿಯವಳೇ ಎಂದು ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ. ಅವರಿಗೂ ನಾನು ಹೇಳಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಹೇಳಿರಲಿಲ್ಲ. ಒಗೆಯುವ ಬಟ್ಟೆ ನನ್ನ ಕೈಯಲ್ಲೇ ಇದ್ದುದರಿಂದ ಗುಟ್ಟೂ ನನ್ನ ಕೈಯಲ್ಲೇ ಇತ್ತು. ಅವರಿಗೆ ಅದು ತಿಳಿದದ್ದು ನಿಮ್ಮ ಕ್ಯಾಂಟೀನಿನವನಿಂದ. ಮನೆಗೆ ಬಂದು ಬೈಯಲಿಲ್ಲ, ಕೂಗಾಡಲಿಲ್ಲ. ‘ಊರಿಗೆಲ್ಲ ಹೇಳ್ದೆ. ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ?’ ಎಂದು ಮಾತ್ರ ಕೇಳಿದರು. ನಾನು ಊರಿಗೆ ಹೇಳಲಿಲ್ಲ, ಸಾಹೇಬರಿಗೆ ಮಾತ್ರ ಹೇಳಿದೆ ಎಂದೆ. ಗಂಡನಿಗೆ ಹೇಳದ್ದನ್ನು ಸಾಹೇಬರಿಗೆ ಹೇಳಿದ್ದು ಅವರಿಗೆ ಇನ್ನೂ ಹೆಚ್ಚು ನೋವಾಯಿತೆಂದು ಕಾಣುತ್ತದೆ. ಅದನ್ನು ಸರಿಮಾಡುವ ಕೆಲಸ ನನ್ನದು, ನಿಮ್ಮನ್ನು ಅದರೊಳಗೆ ಎಳೆಯುವುದಿಲ್ಲ.

ಹೊಸ ಚಾರ್ಟ್ ಬಂತು. ನೀವು ಮಾತಿಗೆ ತಪ್ಪಲಿಲ್ಲ, ಚಿಕ್ಕ ರೂಟ್ ಕೊಟ್ಟಿರಿ. ಈಗ ನೀರು ಕುಡಿಯುತ್ತೇನೆ, ಉರಿ ಕಡಿಮೆಯಾಗಿದೆ. ನನ್ನೊಬ್ಬಳದೇ ಆಗಿದ್ದರೆ ಮಾನ ಕೊಟ್ಟು ಆರೋಗ್ಯ ಕೊಂಡೆ ಎಂದುಕೊಂಡು ಈ ಕಾಗದ ಬರೆಯದೆ ಇರುತ್ತಿದ್ದೆ. ಆದರೆ ಮೊನ್ನೆ ನಮ್ಮ ಡಿಪೋದ ಹೆಣ್ಣು ಕಂಡಕ್ಟರುಗಳಲ್ಲಿ ಒಬ್ಬಳು ಮನೆಗೆ ಬಂದಳು. ಅವಳು ಹಿರಿಯಳೋ ಕಿರಿಯಳೋ, ಯಾವ ರೂಟಿನವಳೋ ಹೇಳುವುದಿಲ್ಲ. ಸಮಾಧಾನ ಹೇಳಲು ಬಂದಿದ್ದಾಳೆ ಎಂದುಕೊಂಡು ಕುರ್ಚಿ ಎಳೆದು ಕೂರಿಸಿದೆ. ಅವಳು ಕೂರುವ ಮುಂಚೆಯೇ ಶುರುಮಾಡಿದಳು.

‘ಅಕ್ಕ, ನಿನ್ನ ಕೆಲಸ ಆಯ್ತು. ನಮ್ಮ ಗತಿ ಏನು? ಈಗ ನಾವು ಯಾರೇ ಯಾವುದಕ್ಕೆ ಫೋನ್ ಮಾಡಿದ್ರೂ ಹಿಂದಿನಿಂದ ಒಬ್ಬ ಕೇಳ್ತಾನೆ, ಇವಳಿಗೂ ಅದೇನಾ ಅಂತ. ಎಲ್ಲ ಕಿಸಕ್ ಅಂತಾರೆ. ಸಾಹೇಬ್ರು ಸುಮ್ನಿರ್ರೋ ಅಂತಾರೆ, ಅವರೂ ನಗ್ತಾನೇ ಅಂತಾರೆ. ಮಗೂಗೆ ಜ್ವರ ಅಂತ ರಜೆ ಕೇಳಿದ್ರೂ ಅದೇ, ತಂಗಿ ಮದುವೆ ಅಂದ್ರೂ ಅದೇ. ನಿನ್ನಿಂದ ನಮ್ಮೆಲ್ಲರ ಬಾಯಿ ಕಟ್ಟಿಹೋಯ್ತು.’

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ‘ನಿನಗೇನಾದ್ರೂ ತೊಂದ್ರೆ ಇದೆಯಾ?’ ಎಂದು ಕೇಳಿದೆ. ಅವಳು ಬಾಗಿಲು ಮುಚ್ಚಿದೆಯೇ ಎಂದು ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. ಕೇಳಿ ನಾನೇ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದೆ.

‘ಡಾಕ್ಟರು ಏನಂದ್ರು?’

‘ಈ ತಿಂಗಳೇ ರೂಟ್ ಬಿಡು ಅಂದಿದ್ದಾರೆ.’

‘ಮತ್ತೆ ಕೇಳೇ!’

‘ಹೇಗೆ ಕೇಳ್ಲಿ? ಕಾರಣ ಅಂತಾರೆ. ಬಿಡಿಸಿ ಹೇಳು ಅಂತಾರೆ. ನಾನು ಸತ್ರೂ ಹೇಳಲ್ಲ.’

‘ನಿನ್ನ ಪರವಾಗಿ ನಾನು ಮಾತಾಡ್ಲಾ?’

‘ನೀನಾ?’ ಎಂದು ನನ್ನನ್ನು ನೋಡಿದಳು. ‘ನೀನು ಹೇಳಿದ್ರೆ ಡಿಪೋ ಮೈಕಿನಲ್ಲಿ ಹೇಳಿದ ಹಾಗೆ.’

ಆ ಮಾತು ಸೂಜಿಯಂತೆ ಚುಚ್ಚಿತು, ಆದರೆ ಅವಳದೇನು ತಪ್ಪು? ಹೋಗುವಾಗ ಬಾಗಿಲಲ್ಲಿ ನಿಂತು ಅತ್ತಳು. ಮರುದಿನ ಬೆಳಿಗ್ಗೆ ಅದೇ ಉದ್ದ ರೂಟಿಗೆ ಹೋದಳು, ಇವತ್ತೂ ಹೋಗಿದ್ದಾಳೆ, ನಾಳೆಯೂ ಹೋಗುತ್ತಾಳೆ. ಅವಳ ಕಾರಣ ನನ್ನ ಕಾರಣವಲ್ಲ, ಅದಕ್ಕಿಂತ ದೊಡ್ಡದು, ತಡವಾದರೆ ಆಗುವ ನಷ್ಟವನ್ನು ಯಾವ ಆದೇಶವೂ ತುಂಬಿಕೊಡಲಾರದು. ಇಷ್ಟು ಮಾತ್ರ ಹೇಳಬಲ್ಲೆ. ಕಾರಣವೇನೆಂದು ನಿಮಗೆ ಹೇಳುವುದಿಲ್ಲ, ಓದುಗರಿಗೂ ಹೇಳುವುದಿಲ್ಲ. ತಿಳಿಯಬೇಕೆಂದು ಈಗ ನಿಮ್ಮ ಮನಸ್ಸು ತುಡಿಯುತ್ತಿರಬಹುದು. ಆ ತುಡಿತವನ್ನು ಒಂದು ಕ್ಷಣ ಹಿಡಿದುಕೊಂಡು ನೋಡಿ ಸ್ವಾಮಿ. ಹಿಡಿದುಕೊಳ್ಳಲಾಗದಿರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು, ನಿಮಗೂ ಗೊತ್ತಾಗಲಿ.

ಈಗ ನನ್ನ ಬೇಡಿಕೆ. ಫೋನ್ ಬಂದರೆ ಕೈಗೆತ್ತಿಕೊಂಡು ಕಿವಿಗಿಟ್ಟುಕೊಳ್ಳಿ. ಮೇಜಿನ ಮೇಲೆ ಇಡಲೇಬೇಕೆಂದಿದ್ದರೆ ಆ ಕಡೆಯವರಿಗೆ ಮೊದಲು ಹೇಳಿ, ಆಮೇಲೆ ಇಡಿ. ಪ್ರಯಾಣಿಕರಿಗೆ ಯಾವುದು ಅಸಭ್ಯವೋ ಅದು ವ್ಯವಸ್ಥಾಪಕರಿಗೂ ಅಸಭ್ಯ. ಆದರೆ ಇಷ್ಟಕ್ಕೇ ಅವಳು ಬದುಕಿಕೊಳ್ಳುವುದಿಲ್ಲ, ಏಕೆಂದರೆ ನಿಮ್ಮ ಕಿವಿಯೊಂದನ್ನೇ ನಂಬುವ ಧೈರ್ಯವೂ ಈಗ ಯಾರಿಗೂ ಉಳಿದಿಲ್ಲ. ಊರೊಳಗಿನ ಚಿಕ್ಕ ರೂಟುಗಳು ನಮ್ಮ ಡಿಪೋದ ಹೆಂಗಸರಿಗೆಲ್ಲ ಸಾಕಾಗುವಷ್ಟಿವೆ. ಸದ್ಯಕ್ಕೆ ಅವು ನಿಮ್ಮ ಕೋಣೆಯಲ್ಲಿ ಕೂತು ನಕ್ಕವರ ಹೆಸರಿನಲ್ಲಿವೆ, ಅವರು ಆರೋಗ್ಯವಂತರು, ನಗುವಷ್ಟು ಆರೋಗ್ಯವಂತರು. ಆ ರೂಟುಗಳನ್ನು, ಬೇಕೆಂದು ಕೇಳಿದ ಪ್ರತಿಯೊಬ್ಬ ಹೆಂಗಸಿಗೂ, ಯಾಕೆ ಎಂದು ಕೇಳದೆ ಕೊಡಿ. ಈ ತಿಂಗಳೇ ಕೊಡಿ.

ಒಬ್ಬಳು ಮಾತ್ರ ಕೇಳಿದರೆ ಅವಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಅದಕ್ಕೇ ನಾನು ನಮ್ಮ ಹೆಣ್ಣು ಕಂಡಕ್ಟರುಗಳ ಮನೆಮನೆಗೂ ಹೋದೆ. ಮುಖ ಎತ್ತಿ ಮಾತಾಡಲು ನನಗೆ ಆಗುತ್ತಿರಲಿಲ್ಲ, ಹೊಸಿಲಲ್ಲೇ ನಿಂತು ಹೇಳಿದೆ. ನಮ್ಮಲ್ಲಿ ಒಬ್ಬಳಿಗೆ ಕಷ್ಟವಿದೆ, ಯಾರೆಂದು ಕೇಳಬೇಡಿ, ಎಲ್ಲರೂ ಒಟ್ಟಿಗೆ ಚಿಕ್ಕ ರೂಟ್ ಕೇಳೋಣ ಎಂದೆ. ಕೇಳಿದರೆ ಏನೆನ್ನಿಸಿಕೊಳ್ಳಬೇಕಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರು ಬಾಗಿಲು ಹಾಕಿಕೊಂಡರು, ಅರ್ಧ ದಾರಿಗೆ ಬಂದ ನನ್ನನ್ನು ಅವರೇ ಓಡಿ ಬಂದು ನಿಲ್ಲಿಸಿ, ಆಯಿತು ಎಂದರು. ಇನ್ನೊಬ್ಬರು, ‘ನನಗೇನೂ ಆಗಿಲ್ಲ ಕಣೆ, ಕಲ್ಲು ತಿಂದ್ರೂ ಅರಗಿಸ್ಕೋತೀನಿ. ಆದ್ರೂ ಫೋನ್ ಮಾಡ್ತೀನಿ. ಇವಳಿಗೂ ಅದೇ ಅಂದ್ಕೊಳ್ಲಿ ಬಿಡು, ನನ್ನ ಗಂಟೇನು ಹೋಗುತ್ತೆ?’ ಎಂದರು. ಹೇಳುವಾಗ ಅವರ ಮುಖವೆಲ್ಲ ಕೆಂಪಾಗಿತ್ತು, ನನ್ನ ಕಣ್ಣು ತಪ್ಪಿಸುತ್ತಿದ್ದರು. ಅವರು ಯಾರೆಂದೂ ಹೇಳುವುದಿಲ್ಲ. ಹೇಳಿದರೆ ಅವರೊಬ್ಬರನ್ನು ಬಿಟ್ಟು ಉಳಿದವರಲ್ಲಿ ಹುಡುಕತೊಡಗುತ್ತೀರಿ.

ಸೋಮವಾರ ಬೆಳಿಗ್ಗೆ ನಾವು ಅಷ್ಟೂ ಜನ ನಿಮಗೆ ಫೋನ್ ಮಾಡುತ್ತೇವೆ. ಚಿಕ್ಕ ರೂಟ್ ಈಗಾಗಲೇ ಇರುವ ನಾನೂ ಮಾಡುತ್ತೇನೆ. ‘ಚಿಕ್ಕ ರೂಟ್ ಬೇಕು ಸಾರ್’ ಎಂದಷ್ಟೇ ಹೇಳುತ್ತೇವೆ, ಕಾರಣ ಕೇಳಿದರೆ ಸುಮ್ಮನಿರುತ್ತೇವೆ. ನಮಗೆ ನಾಚಿಕೆಯಾಗುತ್ತದೆ. ಆಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೂ ಮಾಡುತ್ತೇವೆ. ಆಗ ನಿಮ್ಮ ಕೋಣೆಯಲ್ಲಿ ಕೂತವನೊಬ್ಬ ‘ಇವಳಿಗೂ ಅದೇನಾ?’ ಎಂದು ಕೇಳಿದರೆ, ಅವನಿಗೆ ನಮ್ಮ ಉತ್ತರವನ್ನು ನೀವೇ ಕೊಟ್ಟುಬಿಡಿ. ಹೌದಪ್ಪ, ಇವಳಿಗೂ ಅದೇ. ಎಲ್ಲರಿಗೂ ಅದೇ.

ಇಂತಿ,
ಹೆಸರು ಬರೆಯದಿದ್ದರೂ ಡಿಪೋ ಪೂರ್ತಿ ಗುರುತು ಹಿಡಿಯುವ,
ತಲೆ ತಗ್ಗಿಸಿಕೊಂಡೇ ಡ್ಯೂಟಿಗೆ ಬರುತ್ತಿರುವ
ನಿಮ್ಮ ಕಂಡಕ್ಟರ್